ಚಿತ್ತವಿಕಲ ಬಂಧಿಗಳೂ ದೇಶದ ಗಡಿಯೂ

ಒಂದು ದೇಶದ ನ್ಯಾಯಾಲಯವು ಪರದೇಶದ ಪ್ರಜೆಯೊಬ್ಬನನ್ನು ಅಪರಾಧಿಯೆಂದು ತೀರ್ಮಾನಿಸಿ ಸೆರೆಮನೆಗೆ ಕಳುಹಿಸಿತೆನ್ನೋಣ. ಅವನು ತನ್ನ ಶಿಕ್ಷೆಯ ಉಳಿದ ಭಾಗವನ್ನು ಸ್ವದೇಶದ ಸೆರೆಮನೆಯಲ್ಲಿ ಕಳೆಯುವುದಕ್ಕೆ ಇಂದು ಕಾನೂನಿನ ಮಾರ್ಗವಿದೆ. ಅದೇ ನ್ಯಾಯಾಲಯವು ಇನ್ನೊಬ್ಬನನ್ನು ವಿಚಾರಿಸಿ, 'ಇವನು ಅಪರಾಧಿಯಲ್ಲ, ರೋಗಿ. ಕೃತ್ಯ ಮಾಡಿದಾಗ ಇವನ ಬುದ್ಧಿ ಸ್ವಾಧೀನದಲ್ಲಿರಲಿಲ್ಲ' ಎಂದು ತೀರ್ಪಿತ್ತು ಮಾನಸಿಕ ಆಸ್ಪತ್ರೆಯಲ್ಲಿ ಇರಿಸಿತೆನ್ನೋಣ. ಇವನು ಸ್ವದೇಶಕ್ಕೆ ಬರುವ ಬಗೆ ಹೇಗೆ? ಅಪರಾಧಿಗಿಂತ ನಿರಪರಾಧಿಗೆ ದಾರಿ ಸುಗಮವಾಗಿರಬೇಕೆಂದು ಯಾರಾದರೂ ಊಹಿಸುವರು. ವಸ್ತುಸ್ಥಿತಿ ಹಾಗಿಲ್ಲ. ಅನೇಕ ದೇಶಗಳಲ್ಲಿ, ನಮ್ಮ ದೇಶದಲ್ಲಿಯೂ, ಮೊದಲನೆಯವನಿಗೆ ಇರುವ ದಾರಿ ಎರಡನೆಯವನಿಗೆ ಇಲ್ಲ. ಈ ವಿಪರೀತವು ಹೇಗೆ ಒದಗಿತೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಮನಶ್ಶಾಸ್ತ್ರದ ತರಗತಿಯಲ್ಲಿ ಇದು ಕಾನೂನಿನ ವಿಷಯವೆಂದೂ, ರಾಜ್ಯಶಾಸ್ತ್ರದ ತರಗತಿಯಲ್ಲಿ ಇದು ವೈದ್ಯರ ವಿಷಯವೆಂದೂ ಬಿಟ್ಟುಹೋಗುವುದುಂಟು. ಆದುದರಿಂದ ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಇದು ಉಪಯುಕ್ತವಾದೀತೆಂದು ಭಾವಿಸಿದ್ದೇನೆ.

ಮೊದಲು ಒಂದು ವಿಂಗಡಣೆ ಅವಶ್ಯಕ. ಕ್ರಿಮಿನಲ್ ನ್ಯಾಯಾಲಯದ ಮೂಲಕ ಮಾನಸಿಕ ಆಸ್ಪತ್ರೆಯನ್ನು ಸೇರುವವರು ಮೂರು ತೆರನಾದವರು. ವಿಚಾರಣೆಯನ್ನು ಎದುರಿಸಲಾರದಷ್ಟು ಚಿತ್ತ ಕೆಟ್ಟವರು ಒಂದು ತೆರ. ಇಂಥವರ ಮೇಲಿನ ಆರೋಪ ಸುಳ್ಳೋ ನಿಜವೋ ತೀರ್ಮಾನವಾಗಿಯೇ ಇರುವುದಿಲ್ಲ. ವಿಚಾರಣೆ ನಡುವೆಯೇ ನಿಂತಿರುತ್ತದೆ. ವಿಚಾರಣೆ ಪೂರೈಸಿ, ಕೃತ್ಯ ಮಾಡಿದ್ದು ನಿಜವಾದರೂ ಬುದ್ಧಿಭ್ರಮಣೆಯ ಕಾರಣದಿಂದ ಖುಲಾಸೆಯಾದವರು ಎರಡನೆಯ ತೆರ. ಸ್ವಸ್ಥರಾಗಿಯೇ ಅಪರಾಧ ಮಾಡಿ, ಶಿಕ್ಷೆ ಹೊಂದಿ, ಸೆರೆಮನೆಯಲ್ಲಿರುವಾಗ ಚಿತ್ತಸ್ವಾಸ್ಥ್ಯ ಕಳೆದುಕೊಂಡವರು ಮೂರನೆಯ ತೆರ. ಹೊರಗಿನಿಂದ ನೋಡುವವರಿಗೆ ಮೂವರೂ ಒಂದೇ ಗೋಡೆಯ ಒಳಗಿನವರು. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಮೂರನೆಯವನಿಗೆ 'ಶಿಕ್ಷೆ' ಎಂಬುದು ಇದೆ, ಉಳಿದಿಬ್ಬರಿಗೆ ಇಲ್ಲ. ಮುಂದೆ ಬರುವ ತೊಡಕೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದ್ದೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಮೊದಲನೆಯ ತೆರದ ಒಂದು ನಿದರ್ಶನ ಪರಿಚಿತವೇ ಇದೆ. ಅಮೆರಿಕದ ಕವಿ ಎಜ್ರಾ ಪೌಂಡನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ರೇಡಿಯೋದಲ್ಲಿ ಮಾಡಿದ ಭಾಷಣಗಳಿಗಾಗಿ ರಾಜದ್ರೋಹದ ಆರೋಪಕ್ಕೆ ಗುರಿಯಾದನಷ್ಟೆ. 1945ರಲ್ಲಿ ಅವನನ್ನು ಇಟಲಿಯಿಂದ ವಾಷಿಂಗ್ಟನ್ನಿಗೆ ತಂದರು. ವಿಚಾರಣೆಗೆ ಯೋಗ್ಯನಲ್ಲವೆಂದು 1946ರಲ್ಲಿ ತೀರ್ಮಾನವಾಯಿತು. ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ಕಳೆದ ಮೇಲೆ 1958ರಲ್ಲಿ ಆರೋಪವನ್ನೇ ಕೈಬಿಟ್ಟರು. ಅವನು ಹಡಗು ಹತ್ತಿ ಇಟಲಿಗೆ ಮರಳಿದನು. ಅವನು ನಿಜವಾಗಿ ಚಿತ್ತವಿಕಲನಾಗಿದ್ದನೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅದಂತಿರಲಿ. ಹನ್ನೆರಡು ವರ್ಷ ಒಳಗಿದ್ದ ಆ ಮನುಷ್ಯನಿಗೆ ಒಂದು ದಿನದ ಶಿಕ್ಷೆಯೂ ವಿಧಿಸಲ್ಪಟ್ಟಿರಲಿಲ್ಲವೆಂಬುದು ನಮಗೆ ಇಲ್ಲಿ ಮುಖ್ಯ.

ಅಪರಾಧಿಯಲ್ಲದವನನ್ನು ಇಡುವುದೇಕೆ? ಇದರ ಮೂಲ ಇಂಗ್ಲೆಂಡಿನಲ್ಲಿದೆ. 1800ರಲ್ಲಿ ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಜೇಮ್ಸ್ ಹ್ಯಾಡ್‌ಫೀಲ್ಡ್ ಎಂಬ ಮಾಜಿ ಸೈನಿಕನು ಮೂರನೆಯ ಜಾರ್ಜ್ ದೊರೆಯ ಮೇಲೆ ಗುಂಡು ಹಾರಿಸಿದನು. ಯುದ್ಧದಲ್ಲಿ ತಲೆಗೆ ಪೆಟ್ಟುಬಿದ್ದು ಅವನ ಬುದ್ಧಿ ಕೆಟ್ಟಿತ್ತೆಂದು ಸಿದ್ಧವಾದುದರಿಂದ ಅವನನ್ನು ಖುಲಾಸೆ ಮಾಡಬೇಕಾಯಿತು. ಖುಲಾಸೆಯಾದವನು ಹೊರಕ್ಕೆ ಹೋಗಬೇಕಲ್ಲವೆ? ಪಾರ್ಲಿಮೆಂಟು ಗಾಬರಿಗೊಂಡು, ಇಂಥವರನ್ನು ದೊರೆಯ ಇಚ್ಛೆ ಇರುವವರೆಗೆ ಬಂಧನದಲ್ಲಿಡಬಹುದೆಂದು ಅದೇ ವರ್ಷ ಒಂದು ಕಾಯಿದೆ ಮಾಡಿತು. ಮುಂದೆ 1843ರಲ್ಲಿ ಪ್ರಧಾನಮಂತ್ರಿಯ ಕಾರ್ಯದರ್ಶಿಯನ್ನು ಕೊಂದ ಮ್ಯಾಕ್‌ನಾಟನ್ನನ ಮೊಕದ್ದಮೆಯಿಂದ, ಬುದ್ಧಿಭ್ರಮಣೆಯ ಅಳತೆಗೋಲು ಯಾವುದೆಂಬ ನಿಯಮಗಳು ಹುಟ್ಟಿದುವು. ಅದೇ ಅಳತೆಗೋಲು 1860ರ ಭಾರತೀಯ ದಂಡಸಂಹಿತೆಯ 84ನೆಯ ಕಲಮಾಗಿ ನಮ್ಮಲ್ಲಿಗೆ ಬಂದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಾಗಿ ಮುಂದುವರಿದಿದೆ. ಹೀಗೆ 'ನೀನು ತಪ್ಪಿತಸ್ಥನಲ್ಲ, ಆದರೆ ಹೋಗಲೂ ಕೂಡದು' ಎಂಬ ವಿಚಿತ್ರವಾದ ಸ್ಥಿತಿಯು ಕಾನೂನಿನಲ್ಲಿ ನೆಲೆಗೊಂಡಿತು. ಶಿಕ್ಷೆಗೆ ಕೊನೆಯ ದಿನವೆಂಬುದಿದೆ. ಈ ಸ್ಥಿತಿಗೆ ಅದೂ ಇಲ್ಲ. ಅಸ್ಸಾಮಿನಲ್ಲಿ 1951ರಲ್ಲಿ ಬಂಧಿತನಾಗಿ ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಹೋದ ಒಬ್ಬ ಗ್ರಾಮಸ್ಥನು ವಿಚಾರಣೆಯೇ ಇಲ್ಲದೆ 54 ವರ್ಷ ಕಳೆದು 2005ರಲ್ಲಿ ಹೊರಬಂದುದನ್ನು ಅನೇಕರು ಪತ್ರಿಕೆಗಳಲ್ಲಿ ಓದಿದ್ದಾರೆ. ಸ್ವದೇಶದಲ್ಲಿಯೇ ಹೀಗಾದರೆ ಪರದೇಶದ ಮಾತೇನು?

ಇಂಥವರನ್ನು ಸಮುದ್ರ ದಾಟಿಸುವ ಯೋಚನೆ ಹೊಸತಲ್ಲ. ನಮ್ಮ ದೇಶವೇ ಅದರ ಮೊದಲ ಪ್ರಯೋಗಶಾಲೆಗಳಲ್ಲಿ ಒಂದು. ಈಸ್ಟ್ ಇಂಡಿಯಾ ಕಂಪೆನಿಯು ಇಲ್ಲಿ ಬುದ್ಧಿ ಕೆಟ್ಟ ತನ್ನ ಐರೋಪ್ಯ ಸಿಪಾಯಿಗಳನ್ನೂ ನೌಕರರನ್ನೂ 1818ರಿಂದ ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಪೆಂಬ್ರೋಕ್ ಹೌಸ್ ಎಂಬ ಖಾಸಗಿ ಹುಚ್ಚಾಸ್ಪತ್ರೆಗೆ ಕಳುಹಿಸುತ್ತಿತ್ತು. 1870ರಲ್ಲಿ ಅದರ ಸ್ಥಾನದಲ್ಲಿ ಈಲಿಂಗಿನ ರಾಯಲ್ ಇಂಡಿಯಾ ಅಸೈಲಮ್ ಬಂದು 1892ರವರೆಗೆ ನಡೆಯಿತು. ಇದು ಕೇವಲ ಕರುಣೆಯ ಕೆಲಸವೆಂದು ತಿಳಿಯಬೇಕಾಗಿಲ್ಲ. ಆಳುವ ಜಾತಿಯವನೊಬ್ಬ ಬುದ್ಧಿಗೆಟ್ಟು ಬೀದಿಯಲ್ಲಿ ಅಲೆಯುವುದನ್ನು ಆಳಲ್ಪಡುವವರು ನೋಡಬಾರದೆಂಬ ಎಚ್ಚರಿಕೆಯೂ ಅದರಲ್ಲಿ ಇತ್ತು. ಏನೇ ಇರಲಿ, ಅಪರಾಧದ ಆರೋಪವಿದ್ದ ಚಿತ್ತವಿಕಲನನ್ನು ಸಾಗಿಸಲು ಕಂಪೆನಿಯ ಅಪ್ಪಣೆ ಸಾಲುತ್ತಿರಲಿಲ್ಲ. ಭಾರತದ ನ್ಯಾಯಾಲಯದ ಆಜ್ಞೆಗೆ ಇಂಗ್ಲೆಂಡಿನ ನೆಲದ ಮೇಲೆ ಬೆಲೆ ಏನು ಎಂಬ ಪ್ರಶ್ನೆ ಏಳುತ್ತಿತ್ತು. ಇದನ್ನು ಪರಿಹರಿಸಲು ಬ್ರಿಟಿಷ್ ಪಾರ್ಲಿಮೆಂಟು 1851ರಲ್ಲಿ, ಅಪರಾಧದ ಆರೋಪ ಹೊತ್ತ ಚಿತ್ತವಿಕಲರನ್ನು ಭಾರತದಿಂದ ತೆಗೆದುಕೊಂಡುಹೋಗುವುದಕ್ಕೆಂದೇ ಒಂದು ಕಾಯಿದೆಯನ್ನು ಮಾಡಿತು. ಆಮೇಲೆ 1884ರ ಕಲೋನಿಯಲ್ ಪ್ರಿಸನರ್ಸ್ ರಿಮೂವಲ್ ಕಾಯಿದೆ ಬಂದಿತು. ಸಾಮ್ರಾಜ್ಯದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಕೈದಿಗಳನ್ನು ಸಾಗಿಸುವ ಈ ಕಾಯಿದೆಯ 10ನೆಯ ಕಲಮು, ಕೈದಿಗೆ ಅನ್ವಯಿಸುವ ಮಾತು ನ್ಯಾಯಾಲಯದ ಮೂಲಕ ಬಂಧನದಲ್ಲಿರುವ ಚಿತ್ತವಿಕಲನಿಗೂ ಅನ್ವಯಿಸತಕ್ಕದ್ದೆಂದು ಹೇಳಿತು. ಆ ಕಾಲದ ಶಾಸನಕರ್ತರಿಗೆ ಕೈದಿ ಬೇರೆ, ಚಿತ್ತವಿಕಲ ಬೇರೆ, ಇಬ್ಬರಿಗೂ ಹೆಸರು ಹೇಳಿ ಸ್ಥಳ ಕಲ್ಪಿಸಬೇಕು ಎಂಬುದು ಹೊಳೆದಿತ್ತು. ಸಾಮ್ರಾಜ್ಯದ ಕಾಯಿದೆಗಳನ್ನು ಹೊಗಳುವ ಉತ್ಸಾಹ ನನಗಿಲ್ಲ. ಆದರೂ ಈ ಒಂದು ಅಂಶದಲ್ಲಿ ಅವು ನಮ್ಮ ಇತ್ತೀಚಿನ ಕಾಯಿದೆಗಿಂತ ಮುಂದಿದ್ದುವೆಂದು ಒಪ್ಪಿಕೊಳ್ಳಬೇಕಾಗಿದೆ.

ಸಾಮ್ರಾಜ್ಯ ಹೋಯಿತು, ಒಂದೇ ದೇಶ ಎರಡಾಯಿತು. 1947ರಲ್ಲಿ ಪಂಜಾಬು ಸೀಳಿದಾಗ ಆ ಪ್ರಾಂತದ ದೊಡ್ಡ ಮಾನಸಿಕ ಆಸ್ಪತ್ರೆಯು ಲಾಹೋರಿನಲ್ಲಿ ಉಳಿಯಿತು. ಅದರೊಳಗೆ ಹಿಂದೂ ಸಿಖ್ ರೋಗಿಗಳೂ ಉಳಿದರು. ಅವರ ಮನೆಮಂದಿ ಅದಾಗಲೇ ಗಡಿಯ ಈಚೆಗೆ ಓಡಿಬಂದಿದ್ದರು, ಇಲ್ಲವೇ ದಾರಿಯಲ್ಲಿ ಸತ್ತಿದ್ದರು. ಅತ್ತ ಭಾರತದ ಭಾಗಕ್ಕೆ ಸೇರಿದ ಊರುಗಳ ಮುಸಲ್ಮಾನ ರೋಗಿಗಳದೂ ಇದೇ ಗತಿ. ಸಾಮಾನು ಸರಂಜಾಮುಗಳನ್ನು, ಗ್ರಂಥಾಲಯದ ಪುಸ್ತಕಗಳನ್ನು, ಪೋಲೀಸರನ್ನು, ಕೈದಿಗಳನ್ನು ಹಂಚಿಕೊಂಡ ಸರಕಾರಗಳಿಗೆ ರೋಗಿಗಳ ನೆನಪು ಬರಲು ಮೂರು ವರ್ಷ ಹಿಡಿಯಿತು. 1950ರಲ್ಲಿ ವಿನಿಮಯ ನಡೆಯಿತು. ಸುಮಾರು 450 ಮಂದಿ ಹಿಂದೂ ಸಿಖ್ ರೋಗಿಗಳು ಲಾಹೋರಿನಿಂದ ಅಮೃತಸರಕ್ಕೆ ಬಂದರು. 233 ಮಂದಿ ಮುಸಲ್ಮಾನ ರೋಗಿಗಳು ಪಾಕಿಸ್ತಾನಕ್ಕೆ ಹೋದರು. ಬಂದವರಲ್ಲಿ ಪಂಜಾಬಿನವರಲ್ಲದವರನ್ನು ಮತ್ತೆ ರೈಲು ಹತ್ತಿಸಿ ದೂರದ ರಾಂಚಿಗೆ ಕಳುಹಿಸಿದರು. ಸಿಂಧ್ ಪ್ರಾಂತದ ಒಬ್ಬ ರೋಗಿಗೆ ಲಾಹೋರೇ ಪರಸ್ಥಳ. ಅಲ್ಲಿಂದ ಅಮೃತಸರ, ಅಮೃತಸರದಿಂದ ಬಿಹಾರದ ರಾಂಚಿ! 'ಸ್ವದೇಶಕ್ಕೆ ಮರಳಿಸುವುದು' ಎಂಬ ಮಾತಿಗೆ ಅವನ ಪಾಲಿಗೆ ಏನು ಅರ್ಥ ಬಂದಿರಬಹುದು?

ಈ ವಿನಿಮಯವನ್ನು ಸಾದತ್ ಹಸನ್ ಮಂಟೋ 1955ರಲ್ಲಿ ಪ್ರಕಟವಾದ 'ಟೋಬಾ ಟೇಕ್ ಸಿಂಗ್' ಎಂಬ ಉರ್ದು ಕಥೆಯಿಂದ ಜಗತ್ತಿಗೆಲ್ಲ ತಿಳಿಯುವಂತೆ ಮಾಡಿದನು. ಮಂಟೋ ಸ್ವತಃ ಕುಡಿತದ ಚಟ ಬಿಡಿಸಿಕೊಳ್ಳಲು ಲಾಹೋರಿನ ಮಾನಸಿಕ ಆಸ್ಪತ್ರೆಯಲ್ಲಿ ಇದ್ದು ಬಂದವನು. ಕಥೆಯನ್ನು ಓದಿದವರು ಅದರ ಮುದಿ ಸಿಖ್ಖನನ್ನು ಮರೆಯುವುದಿಲ್ಲ. ಆದರೆ ನಮ್ಮ ವಿಷಯಕ್ಕೆ ಸೇರಿದ ಒಂದು ಸಣ್ಣ ವಿವರ ಅಲ್ಲಿ ಬರುತ್ತದೆ. ಅದನ್ನು ಬಹಳ ಮಂದಿ ಗಮನಿಸಿರಲಾರರು. ಆ ಆಸ್ಪತ್ರೆಯಲ್ಲಿ ಹುಚ್ಚರಲ್ಲದ ಕೆಲವರೂ ಇದ್ದಾರೆ. ಅವರು ಕೊಲೆಗಾರರು, ನೇಣಿನಿಂದ ತಪ್ಪಿಸಲು ನೆಂಟರು ಅಧಿಕಾರಿಗಳಿಗೆ ಲಂಚ ಕೊಟ್ಟು ಅವರನ್ನು ಒಳಗೆ ಸೇರಿಸಿದ್ದಾರೆ. ಕಥೆಗಾರನ ವ್ಯಂಗ್ಯವೆಂದು ಇದನ್ನು ಬಿಟ್ಟುಬಿಡಬಹುದು. ಆದರೆ ನಮ್ಮ ಹುಚ್ಚಾಸ್ಪತ್ರೆಗಳಲ್ಲಿ ಸಾಮಾನ್ಯ ರೋಗಿಗಳೊಡನೆ ನ್ಯಾಯಾಲಯದ ಆಜ್ಞೆಯಿಂದ ಬಂದವರೂ ಇರುತ್ತಿದ್ದರೆಂಬುದು ನಿಜ. 1912ರ ಇಂಡಿಯನ್ ಲುನಸಿ ಕಾಯಿದೆಯು 'ಕ್ರಿಮಿನಲ್ ಲುನಾಟಿಕ್' ಎಂಬ ಹೆಸರನ್ನು ಕೊಟ್ಟು ಅವರನ್ನು ಪ್ರತ್ಯೇಕವಾಗಿ ಗುರುತಿಸಿತ್ತು. ವಿಚಾರಣೆ ಅರ್ಧಕ್ಕೆ ನಿಂತಿದ್ದ ಆರೋಪಿಯೊಬ್ಬನು ಗಡಿ ದಾಟಿದಾಗ ಅವನ ಮೊಕದ್ದಮೆಯೂ ಗಡಿ ದಾಟಬೇಕೇ, ಸಾಕ್ಷಿಗಳು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗಳಿಗೆ ಆ ಗದ್ದಲದಲ್ಲಿ ವ್ಯವಧಾನವೆಲ್ಲಿ? ವಿನಿಮಯಕ್ಕೆ ಆಧಾರವಾದದ್ದು ರೋಗಿಯ ರೋಗವೂ ಅಲ್ಲ, ಊರೂ ಅಲ್ಲ, ಅವನ ಮತ. ರೋಗಿಯ ಒಪ್ಪಿಗೆಯು ಅಲ್ಲಿ ಲೆಕ್ಕಕ್ಕೆ ಬಂದ ಸಂಗತಿಯಾಗಿರಲಿಲ್ಲ.

ದೀರ್ಘಕಾಲ ಈ ಘಟನೆ ಕಥೆಯಲ್ಲಿ ಮಾತ್ರ ಉಳಿದಿತ್ತು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಅದರ ಸುದ್ದಿ ಇರಲಿಲ್ಲವೆಂದೇ ಹೇಳಬಹುದು. ಆ ಕೊರತೆಯನ್ನು ತುಂಬಿದವರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಸಂಜೀವ್ ಜೈನ್ ಅವರು ಒಬ್ಬರು. ದೆಹಲಿಯ ಮನೋವೈದ್ಯ ಆಲೋಕ್ ಸರೀನ್ ಅವರೊಡನೆ ಸೇರಿ ವಿಭಜನೆಯ ಮಾನಸಿಕ ಪರಿಣಾಮಗಳನ್ನು ಕುರಿತು ಅವರು ಸಂಪಾದಿಸಿದ ಇಂಗ್ಲಿಷ್ ಗ್ರಂಥವು 2018ರಲ್ಲಿ ಹೊರಬಂದಿದೆ. ಆಸಕ್ತರು ಅದನ್ನು ನೋಡಬಹುದು.

ಇನ್ನು ಯೂರೋಪಿಗೆ ಬರೋಣ. ಯುದ್ಧಾನಂತರ ಕೆಲಸ ಹುಡುಕಿಕೊಂಡು ದೇಶದಿಂದ ದೇಶಕ್ಕೆ ಹೋಗುವವರ ಸಂಖ್ಯೆ ಅಲ್ಲಿ ಹೆಚ್ಚಿದಂತೆ, ಪರದೇಶದ ಸೆರೆಮನೆಗಳಲ್ಲಿ ಇರುವವರ ಸಂಖ್ಯೆಯೂ ಹೆಚ್ಚಿತು. 1983ರ ಮಾರ್ಚ್ 21ರಂದು ಸ್ಟ್ರಾಸ್‌ಬರ್ಗ್ ನಗರದಲ್ಲಿ ಕೈದಿಗಳ ವರ್ಗಾವಣೆಯ ಒಪ್ಪಂದಕ್ಕೆ ರುಜುವಾಯಿತು. 1985ರ ಜುಲೈ 1ರಂದು ಅದು ಜಾರಿಗೆ ಬಂದಿತು. 'ಶಿಕ್ಷೆ' ಎಂಬ ಶಬ್ದವನ್ನು ಅದರ ಕರ್ತರು ಉದಾರವಾಗಿ ವಿವರಿಸಿದರು: ಅಪರಾಧವೊಂದರ ಕಾರಣದಿಂದ ನ್ಯಾಯಾಲಯವು ವಿಧಿಸಿದ, ಸ್ವಾತಂತ್ರ್ಯವನ್ನು ಕಳೆಯುವ ಯಾವುದೇ ದಂಡನೆ ಅಥವಾ ಕ್ರಮ, ಅದಕ್ಕೆ ಅವಧಿ ಇರಲಿ, ಇಲ್ಲದಿರಲಿ. 'ಕ್ರಮ' ಎಂಬ ಒಂದು ಮಾತನ್ನು ಸೇರಿಸಿದ್ದರಿಂದ ಆಸ್ಪತ್ರೆಗೆ ಬಾಗಿಲು ತೆರೆಯಿತು. ಅಷ್ಟೇ ಅಲ್ಲ. 9ನೆಯ ವಿಧಿಯ 4ನೆಯ ಉಪವಿಧಿಯು, ಚಿತ್ತದ ಸ್ಥಿತಿಯ ಕಾರಣದಿಂದ ಹೊಣೆಗಾರರಲ್ಲವೆಂದು ತೀರ್ಮಾನಿಸಲ್ಪಟ್ಟವರನ್ನೇ ಎತ್ತಿಹೇಳುತ್ತದೆ. ಇಂಥವರ ವಿಷಯದಲ್ಲಿ ಪರದೇಶದ ಆಜ್ಞೆಯನ್ನು ನೇರವಾಗಿ ನಡೆಸಲು ತನ್ನ ಕಾನೂನು ಅವಕಾಶ ಕೊಡದಿದ್ದರೂ, ಚಿಕಿತ್ಸೆ ಮುಂದುವರಿಸಲು ಅವರನ್ನು ಸ್ವೀಕರಿಸಲು ಸಿದ್ಧವಿರುವ ದೇಶವು, ಯಾವ ಕ್ರಮದಿಂದ ಸ್ವೀಕರಿಸುವೆನೆಂಬುದನ್ನು ಘೋಷಿಸಬಹುದು. ಒಪ್ಪಿಗೆಯ ವಿಷಯವನ್ನೂ ಬಿಟ್ಟಿಲ್ಲ. ಕೈದಿಯು ಒಪ್ಪಿದಲ್ಲದೆ ವರ್ಗಾವಣೆಯಿಲ್ಲ. ಅವನ ವಯಸ್ಸಿನ ಅಥವಾ ದೇಹ ಮನಸ್ಸುಗಳ ಸ್ಥಿತಿಯ ಕಾರಣದಿಂದ ಅಗತ್ಯವೆನಿಸಿದರೆ ಅವನ ಕಾನೂನುಬದ್ಧ ಪ್ರತಿನಿಧಿಯು ಒಪ್ಪಬೇಕು.

ಬ್ರಿಟನ್ನು ಇದಕ್ಕೆ ಹೊಂದುವಂತೆ 1984ರಲ್ಲಿ ತನ್ನ ಕಾಯಿದೆಯನ್ನು ರಚಿಸಿತು. ಸೆರೆಮನೆ, ಆಸ್ಪತ್ರೆ ಅಥವಾ ಇತರ ಸಂಸ್ಥೆಯಲ್ಲಿ ಕ್ರಿಮಿನಲ್ ನ್ಯಾಯಾಲಯದ ಆಜ್ಞೆಯಿಂದ ಬಂಧನದಲ್ಲಿರುವವನೆಂದು ಅಲ್ಲಿ ಕೈದಿಯ ಅರ್ಥವಿವರಣೆ ಇದೆ. 'ಆಸ್ಪತ್ರೆ' ಎಂಬ ಶಬ್ದ ಅಲ್ಲಿ ಸ್ಪಷ್ಟವಾಗಿ ಇರುವುದನ್ನು ನೋಡಿರಿ. ಇದಲ್ಲದೆ ಅವರ 1983ರ ಮಾನಸಿಕ ಆರೋಗ್ಯ ಕಾಯಿದೆಯ 86ನೆಯ ಕಲಮು ಬೇರೊಂದು ದಾರಿಯನ್ನು ಕಲ್ಪಿಸಿದೆ. ಆ ನಾಡಿನಲ್ಲಿ ನೆಲೆಸುವ ಹಕ್ಕಿಲ್ಲದ ಪರದೇಶದ ರೋಗಿಯನ್ನು, ಅವನು ನ್ಯಾಯಾಲಯದ ಆಜ್ಞೆಯಿಂದ ಬಂದವನಾದರೂ ಸರಿಯೆ, ಮಂತ್ರಿಯು ವಾರಂಟು ಹೊರಡಿಸಿ ಹೊರದೇಶಕ್ಕೆ ಕಳುಹಿಸಬಹುದು. ಆದರೆ ಅಲ್ಲಿ ಅವನ ಪಾಲನೆಗೆ ಸರಿಯಾದ ಏರ್ಪಾಡು ಆಗಿರಬೇಕು, ಹೋಗುವುದು ರೋಗಿಯ ಹಿತಕ್ಕೆ ಆಗಿರಬೇಕು. ಅವರ ಹಳೆಯ 1959ರ ಕಾಯಿದೆಯಲ್ಲಿ ಮಂತ್ರಿಯ ತೀರ್ಮಾನವೇ ಸಾಕಾಗಿತ್ತು. 1983ರ ಕಾಯಿದೆಯು ಸ್ವತಂತ್ರ ನ್ಯಾಯಮಂಡಲಿಯ ಸಮ್ಮತಿಯೂ ಬೇಕೆಂದಿತು. ಈ ತಿದ್ದುಪಡಿ ಸಣ್ಣದಲ್ಲ. ರೋಗಿಯನ್ನು ಊರಿಗೆ ಕಳುಹಿಸುವುದಕ್ಕೂ, ಖರ್ಚು ತಪ್ಪಿತೆಂದು ರೋಗಿಯನ್ನು ಸಾಗಹಾಕುವುದಕ್ಕೂ ನಡುವೆ ಇರುವ ಗೆರೆ ತೆಳುವಾದದ್ದು. ಸರಕಾರವೇ ಆ ಗೆರೆಯನ್ನು ಎಳೆಯಬಾರದು, ಇನ್ನೊಬ್ಬರು ಎಳೆಯಬೇಕು.

ಈಗ ನಮ್ಮ ಕಾಯಿದೆ. ಪಾರ್ಲಿಮೆಂಟು ಅಂಗೀಕರಿಸಿದ 2003ರ ಕೈದಿಗಳ ಪ್ರತ್ಯಾವರ್ತನ ಕಾಯಿದೆಯು 2004ರ ಜನವರಿ 1ರಿಂದ ಜಾರಿಯಲ್ಲಿದೆ. ಬ್ರಿಟನ್, ಫ್ರಾನ್ಸ್, ಶ್ರೀಲಂಕಾ, ಮಾರಿಷಸ್, ಸೌದಿ ಅರೇಬಿಯಾ ಮುಂತಾದ ದೇಶಗಳೊಡನೆ ಒಪ್ಪಂದಗಳಾಗಿವೆ. ಪರದೇಶದಲ್ಲಿರುವ ನಮ್ಮವರಿಗೆ ಇದು ನಿಜಕ್ಕೂ ಉಪಕಾರಕವಾದ ಕಾಯಿದೆ; ಇದರಲ್ಲಿ ಸಂದೇಹವಿಲ್ಲ. ಆದರೆ ಇದರ 2ನೆಯ ಕಲಮಿನಲ್ಲಿ ಕೈದಿಯೆಂದರೆ ಯಾರು? ಕ್ರಿಮಿನಲ್ ನ್ಯಾಯಾಲಯದ ಆಜ್ಞೆಯ ಮೇರೆಗೆ ಕಾರಾಗೃಹವಾಸದ ಶಿಕ್ಷೆಯನ್ನು ಅನುಭವಿಸುತ್ತಿರುವವನು. ಅಷ್ಟೆ. ನಾವು ಮೊದಲು ಹೇಳಿದ ಮೂರು ತೆರಗಳಲ್ಲಿ ಮೂರನೆಯವನು ಮಾತ್ರ ಈ ಮಾತಿನೊಳಗೆ ಬರುತ್ತಾನೆ. ಖುಲಾಸೆಯಾದವನಿಗೆ ಶಿಕ್ಷೆಯಿಲ್ಲ, ಆದುದರಿಂದ ಅವನು ಕೈದಿಯಲ್ಲ, ಆದುದರಿಂದ ಪ್ರತ್ಯಾವರ್ತನವಿಲ್ಲ! ತರ್ಕಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ಇದಕ್ಕೆ ಪೂರ್ಣಾಂಕ ಸಿಗಬಹುದು. ವಿಚಾರಣೆ ನಿಂತಿರುವವನಿಗೆ ಇನ್ನೊಂದು ಅಡ್ಡಿಯೂ ಇದೆ: ಮೊಕದ್ದಮೆಯೇನಾದರೂ ಬಾಕಿಯಿದ್ದರೆ ವರ್ಗಾವಣೆಯಿಲ್ಲವೆಂದು ಕಾಯಿದೆಯೇ ಹೇಳುತ್ತದೆ.

'ಭಾರತದ ಪ್ರಜೆ ಭಾರತಕ್ಕೆ ಬರಲು ಕಾಯಿದೆಯೇಕೆ? ಆ ದೇಶದವರು ವಿಮಾನ ಹತ್ತಿಸಿದರೆ ಸಾಲದೇ?' ಎಂದು ಯಾರಾದರೂ ಕೇಳಬಹುದು. ತೊಡಕು ಇರುವುದು ಅಲ್ಲಿಯೇ. ರೋಗಿ ಬರಬಲ್ಲನು, ಅವನನ್ನು ಆಸ್ಪತ್ರೆಯಲ್ಲಿ ಇರಿಸಿದ ಆಜ್ಞೆಯು ಬರಲಾರದು. ಲಂಡನ್ನಿನ ನ್ಯಾಯಾಧೀಶರ ಆಜ್ಞೆಗೆ ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಬೆಲೆಯಿಲ್ಲ. ನಮ್ಮ 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆಯು 2018ರ ಮೇ ತಿಂಗಳಿಂದ ಜಾರಿಯಲ್ಲಿದ್ದು, ರೋಗಿಯ ಹಕ್ಕುಗಳನ್ನು ಬಹುವಾಗಿ ಎತ್ತಿಹಿಡಿದಿದೆ. ನ್ಯಾಯಾಲಯದ ಮೂಲಕ ಬರುವವರ ಬಗ್ಗೆ ಅದರ 103ನೆಯ ಕಲಮು ಮಾತಾಡುತ್ತದೆ. ಆದರೆ ಅಲ್ಲಿ ಹೆಸರಿಸಿರುವುದೆಲ್ಲ ನಮ್ಮ ಕಾನೂನುಗಳ ಕೆಳಗೆ ಹೊರಟ ಆಜ್ಞೆಗಳು. ಪರದೇಶದ ಆಜ್ಞೆಯ ಮೇಲೆ ಬಂದವನು ಇಲ್ಲಿಯ ವೈದ್ಯರ ಮುಂದೆ ಸಾಮಾನ್ಯ ರೋಗಿಯಾಗಿ ನಿಲ್ಲುವನು. ಮನಸ್ಸಿದ್ದರೆ ಸೇರಬಹುದು. ಅವನ ಇಚ್ಛೆಗೆ ವಿರೋಧವಾಗಿ ಸೇರಿಸಿಕೊಳ್ಳಬೇಕಾದರೆ ರೋಗದ ಆಗಿನ ತೀವ್ರತೆಯನ್ನೇ ನೋಡಬೇಕು, ಅವಧಿಯೂ ಮೊದಲು ಮೂವತ್ತು ದಿನವಷ್ಟೆ. ಔಷಧದಿಂದ ಶಾಂತನಾಗಿ ಬಂದಿಳಿದವನನ್ನು ಇಟ್ಟುಕೊಳ್ಳಲು ನಮ್ಮ ವೈದ್ಯರಿಗೆ ಆಧಾರವೇ ಇರುವುದಿಲ್ಲ. ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಸಾಮಾನ್ಯ ರೋಗಿಗೆ ಇದೇ ಸರಿ. ಆದರೆ ಹತ್ಯೆಯಂಥ ಕೃತ್ಯ ನಡೆದ ಪ್ರಕರಣದಲ್ಲಿ, 'ನಾವು ಕಳುಹಿಸಿದ ಮರುದಿನ ಇವನು ಬೀದಿಯಲ್ಲಿರುವನು' ಎಂದು ಆ ದೇಶದ ನ್ಯಾಯಮಂಡಲಿಗೆ ಅನ್ನಿಸಿದರೆ ಅದು ಸಮ್ಮತಿ ಕೊಡುವುದು ಹೇಗೆ? ಹೀಗೆ ನಮ್ಮ ಕಾಯಿದೆಯಲ್ಲಿ ಒಂದು ಶಬ್ದದ ಕೊರತೆಯಿರುವುದರಿಂದ ಅಲ್ಲಿಯ ಬಾಗಿಲು ಮುಚ್ಚಿಯೇ ಇರುತ್ತದೆ.

ಎದುರು ದಿಕ್ಕಿನ ಸ್ಥಿತಿಯೂ ಹೀಗೆಯೆ. ಪರದೇಶದವನೊಬ್ಬ ನಮ್ಮಲ್ಲಿ ಬುದ್ಧಿಭ್ರಮಣೆಯ ಕಾರಣದಿಂದ ಖುಲಾಸೆಯಾದನೆನ್ನಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 374ನೆಯ ಕಲಮು (ಹಳೆಯ ಸಂಹಿತೆಯಲ್ಲಿ 335) ನ್ಯಾಯಾಧೀಶರ ಮುಂದೆ ಎರಡು ದಾರಿಗಳನ್ನಿಡುತ್ತದೆ: ಸುರಕ್ಷಿತ ಬಂಧನದಲ್ಲಿ ಇಡಿ, ಇಲ್ಲವೇ ನೆಂಟರಿಗೋ ಸ್ನೇಹಿತರಿಗೋ ಒಪ್ಪಿಸಿ. ಒಪ್ಪಿಸಬೇಕಾದರೆ ಅವರು ಅರ್ಜಿ ಕೊಟ್ಟು ಜಾಮೀನು ಕೊಡಬೇಕು, ಸರಕಾರ ಹೇಳಿದ ಸ್ಥಳಕ್ಕೆ ಹೇಳಿದ ದಿನ ರೋಗಿಯನ್ನು ಕರೆತಂದು ಅಧಿಕಾರಿಗೆ ತೋರಿಸಬೇಕು. ಕಾಠ್ಮಂಡುವಿನ ಮುದಿ ತಾಯಿ ಇದನ್ನು ಹೇಗೆ ನಡೆಸಿಕೊಟ್ಟಾಳು? ಈ ಕಲಮನ್ನು ಬರೆದವರ ಕಣ್ಣಮುಂದೆ ಇದ್ದದ್ದು ಒಂದೇ ಜಿಲ್ಲೆಯೊಳಗಿನ ಕುಟುಂಬ.

ಇಷ್ಟೆಲ್ಲ ಹೆಣಗಾಡಿ ರೋಗಿಯನ್ನು ಸ್ವದೇಶಕ್ಕೆ ತರುವುದೇಕೆ, ಪಶ್ಚಿಮದ ಆಸ್ಪತ್ರೆಗಳಲ್ಲಿ ಸೌಕರ್ಯ ಹೆಚ್ಚಲ್ಲವೇ ಎಂಬುದು ನ್ಯಾಯವಾದ ಪ್ರಶ್ನೆ. ಹಾಸಿಗೆ, ಊಟ, ಔಷಧಗಳ ಮಾತಾದರೆ ಹೆಚ್ಚೇ ಇರಬಹುದು. ಆದರೆ ಕಾಲು ಮುರಿದವನಿಗೆ ಭಾಷೆ ಬಾರದ ವೈದ್ಯನೂ ಪಟ್ಟಿ ಕಟ್ಟಬಲ್ಲನು. ಮನಸ್ಸು ಮುರಿದವನಿಗೆ ಮಾತೇ ನಾಡಿ. ನಮ್ಮ ಹಳ್ಳಿಯವನು 'ಜೀವಕ್ಕೆ ಬ್ಯಾಸರಾಗೇದ' ಎಂದರೆ ಅದು ಬರಿಯ ಬೇಸರವೋ, ಸಾಯುವ ಯೋಚನೆಯೋ ಎಂಬುದನ್ನು ಅವನ ಧ್ವನಿಯಿಂದ ಕನ್ನಡ ಬಲ್ಲ ವೈದ್ಯರು ಹಿಡಿಯುತ್ತಾರೆ. 'ಗಾಳಿ ಸೋಕಿದೆ', 'ಮೈಮೇಲೆ ದೇವರು ಬರುತ್ತದೆ' ಎಂಬ ಮಾತುಗಳು ಎಷ್ಟರಮಟ್ಟಿಗೆ ಊರಿನ ನಂಬಿಕೆ, ಎಷ್ಟರಮಟ್ಟಿಗೆ ರೋಗದ ಲಕ್ಷಣ? ದ್ವಿಭಾಷಿಯ ಬಾಯಿಂದ ಕೇಳಿದ ಪರದೇಶದ ವೈದ್ಯನಿಗೆ ಎಲ್ಲವೂ ಭ್ರಮೆಯಾಗಿ ಕಾಣುವ ಅಪಾಯವಿದೆ. ಕ್ರಿಮಿನಲ್ ನ್ಯಾಯಾಲಯದಿಂದ ಬಂದ ರೋಗಿಗೆ ಇದು ಇನ್ನಷ್ಟು ದುಬಾರಿ. ಅವನ ಬಿಡುಗಡೆ ನಿಂತಿರುವುದೇ 'ಗುಣವಾಗಿದೆ' ಎಂದು ವೈದ್ಯರು ಬರೆಯುವುದರ ಮೇಲೆ. ಗುಣವಾಯಿತೆಂದು ತಿಳಿಯಲು ಮಾತಾಡಬೇಕು.

ಭಾಷೆಯೊಡನೆ ಕುಟುಂಬ. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯ ಮುಖ್ಯಾಧಿಕಾರಿಯಾಗಿದ್ದ ಡಾಕ್ಟರ್ ವಿದ್ಯಾಸಾಗರರು ಒಂದು ಪ್ರಯೋಗ ಮಾಡಿದರು. ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಮನೆಯವರನ್ನು ಅಲ್ಲಿಯೇ ಉಳಿಸಿಕೊಂಡು, ಅವರ ಕೈಯಿಂದಲೇ ಆರೈಕೆ ಮಾಡಿಸಿದರು. ರೋಗಿಗಳು ಬೇಗ ಚೇತರಿಸಿಕೊಂಡರು. ಮನೆಯವರ ಭಯವೂ ಹೋಯಿತು. ಲಾಹೋರಿನಿಂದ ವಿನಿಮಯವಾಗಿ ಬಂದವರನ್ನು ಸೇರಿಸಿಕೊಂಡ ಊರಿನಲ್ಲಿಯೇ ಈ ಪ್ರಯೋಗ ನಡೆದದ್ದೆಂಬುದನ್ನು ನೆನೆಯಬೇಕು. ಮನೆಯವರು ರೋಗಿಯ ಜೊತೆಗಿರುವುದು ಮುಂದೆ ನಮ್ಮ ಮನೋವೈದ್ಯದ ವಿಶಿಷ್ಟ ಪದ್ಧತಿಯಾಯಿತು. ಬೆಂಗಳೂರಿನ ಸಂಸ್ಥೆಯಲ್ಲಿಯೂ ಅದು ಬೇರೂರಿದೆ. ಸಾವಿರಾರು ಮೈಲು ದೂರದ ಆಸ್ಪತ್ರೆಯಲ್ಲಿ ಇರುವವನಿಗೆ ಈ ಒಂದು ಮದ್ದು ಯಾವ ಬೆಲೆಗೂ ದೊರೆಯದು.

ಹಾಗಾದರೆ ಮಾಡಬೇಕಾದದ್ದೇನು? ನನ್ನ ತಿಳಿವಳಿಕೆಯಂತೆ ಬಹಳ ದೊಡ್ಡ ಕೆಲಸವೇನೂ ಅಲ್ಲ. 2003ರ ಕಾಯಿದೆಯ ಅರ್ಥವಿವರಣೆಯಲ್ಲಿ, ಚಿತ್ತವೈಕಲ್ಯದ ಕಾರಣದಿಂದ ಆಸ್ಪತ್ರೆಯಲ್ಲಿರಿಸಿದ ಆಜ್ಞೆಯನ್ನೂ ಸೇರಿಸಬೇಕು. ಅಂಥವನು ಇಲ್ಲಿಗೆ ಬಂದೊಡನೆ ಅವನ ವಿಷಯವು 2017ರ ಕಾಯಿದೆಯ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಲಿಯ ಮುಂದೆ ಬರುವಂತೆ ಮಾಡಬೇಕು. ಇಟ್ಟುಕೊಳ್ಳುವುದೂ ಬಿಡುವುದೂ ಆ ಮಂಡಲಿಯ ನಿಯತಕಾಲಿಕ ಪರೀಕ್ಷೆಗೆ ಒಳಪಡಲಿ; ಪರದೇಶದ ಮಂತ್ರಿಯ ಇಚ್ಛೆಗೂ ಬೇಡ, ನಮ್ಮ ಮಂತ್ರಿಯ ಇಚ್ಛೆಗೂ ಬೇಡ. ಒಪ್ಪಿಗೆಯ ಪ್ರಶ್ನೆ ಮಾತ್ರ ಕಠಿನವಾದದ್ದು. ಬುದ್ಧಿ ಸ್ವಾಧೀನದಲ್ಲಿಲ್ಲವೆಂದು ನಾವೇ ತೀರ್ಮಾನಿಸಿದವನ ಒಪ್ಪಿಗೆಗೆ ಬೆಲೆ ಕೊಡುವುದು ಹೇಗೆ? ಹಾಗೆಂದು ಕೇಳದೆ ಸಾಗಿಸಿದರೆ 1950ರ ಲಾರಿಗಳಿಗೂ ನಮಗೂ ಭೇದವೇನು? 2017ರ ಕಾಯಿದೆಯು ಇಲ್ಲಿ ಒಂದು ಒಳ್ಳೆಯ ಸೂತ್ರ ಕೊಟ್ಟಿದೆ. ಪ್ರತಿಯೊಬ್ಬನೂ ತನ್ನ ಚಿಕಿತ್ಸೆಯ ಬಗ್ಗೆ ತೀರ್ಮಾನ ಕೈಕೊಳ್ಳಬಲ್ಲನೆಂದೇ ಮೊದಲು ಭಾವಿಸಬೇಕು. ಆಗದಿದ್ದಲ್ಲಿ ಅವನೇ ಆರಿಸಿದ ಪ್ರತಿನಿಧಿಯ ನೆರವು ಪಡೆಯಬೇಕು. ಚಿತ್ತ ಕೆಟ್ಟವನಿಗೂ ಎಲ್ಲ ವಿಷಯಗಳಲ್ಲಿ ಚಿತ್ತ ಕೆಟ್ಟಿರುವುದಿಲ್ಲ. ಊರಿಗೆ ಹೋಗುವೆಯಾ ಎಂದು ಕೇಳಿದರೆ ಉತ್ತರ ಹೇಳುವಷ್ಟು ವಿವೇಕ ಬಹಳ ಮಂದಿಯಲ್ಲಿ ಉಳಿದಿರುತ್ತದೆ.

ಕೊನೆಯದಾಗಿ, ಒಪ್ಪಂದವೇ ಇಲ್ಲದ ನೆರೆಹೊರೆಯ ಸ್ಥಿತಿ. ಪಾಕಿಸ್ತಾನದೊಡನೆ ನಮಗೆ 2003ರ ಕಾಯಿದೆಯ ಮೇರೆಗಿನ ಒಪ್ಪಂದವಿಲ್ಲ. ಇರುವುದು 2008ರ ಮೇ 21ರ ಕಾನ್ಸುಲರ್ ಸಂಪರ್ಕದ ಕರಾರು. ಅದರಂತೆ ಎರಡು ದೇಶಗಳೂ ತಮ್ಮಲ್ಲಿರುವ ಪರಸ್ಪರರ ಕೈದಿಗಳ ಪಟ್ಟಿಯನ್ನು ಜನವರಿ 1ರಂದು ಒಮ್ಮೆ, ಜುಲೈ 1ರಂದು ಒಮ್ಮೆ ಕೊಡಬೇಕು. ಶಿಕ್ಷೆ ಮುಗಿದು ರಾಷ್ಟ್ರೀಯತೆ ಖಚಿತವಾದ ಒಂದು ತಿಂಗಳೊಳಗೆ ಕಳುಹಿಸಿಕೊಡಬೇಕು. ಶಿಕ್ಷೆ ಮುಗಿದ ಮೇಲೆಯೂ ಉಳಿದುಕೊಂಡವರ ವಿಷಯ ಭೀಮ್ ಸಿಂಗ್ ಎಂಬ ವಕೀಲರು 2005ರಲ್ಲಿ ಹೂಡಿದ ಮೊಕದ್ದಮೆಯಿಂದ ನಮ್ಮ ಸುಪ್ರೀಮ್ ಕೋರ್ಟಿನ ಮುಂದೆ ಬಂದಿತು. ಹಾಗೆ ಉಳಿದವರಲ್ಲಿ ಚಿತ್ತವಿಕಲರೂ ಮೂಕರೂ ಕಿವುಡರೂ ಇದ್ದರು. 2017ರ ಅಕ್ಟೋಬರಿನಲ್ಲಿ ಭಾರತವು ವೃದ್ಧರು, ಸ್ತ್ರೀಯರು, ಚಿತ್ತವಿಕಲರು ಇವರನ್ನು ಮೊದಲು ಬಿಡುವ ಸಲಹೆಯನ್ನು ಮುಂದಿಟ್ಟಿತು. 2018ರ ಮಾರ್ಚಿನಲ್ಲಿ ಪಾಕಿಸ್ತಾನವು ಒಪ್ಪಿಗೆ ತಿಳಿಸಿತು. ಎರಡೂ ಕಡೆಯ ವೈದ್ಯರು ಸೆರೆಮನೆಗಳಿಗೆ ಹೋಗಿ ಇಂಥವರನ್ನು ಪರೀಕ್ಷಿಸಬೇಕೆಂಬುದೂ ಆ ಸಲಹೆಯಲ್ಲಿ ಸೇರಿತ್ತು.

ಮನೋವೈದ್ಯರು ಪರೀಕ್ಷೆಯ ಆರಂಭದಲ್ಲಿ ರೋಗಿಯನ್ನು ಕೇಳುವ ಪ್ರಶ್ನೆಗಳು ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಗೊತ್ತಿವೆ: ನಿನ್ನ ಹೆಸರೇನು, ಇದು ಯಾವ ಊರು, ನೀನು ಎಲ್ಲಿಯವನು, ಇಂದು ಯಾವ ವಾರ. ರಾಯಭಾರ ಕಚೇರಿಯಿಂದ ಬಂದ ಅಧಿಕಾರಿಯ ಕಾಗದದಲ್ಲಿಯೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳಿರುತ್ತವೆ: ಹೆಸರು, ತಂದೆಯ ಹೆಸರು, ಗ್ರಾಮ, ಜಿಲ್ಲೆ. ಮೊದಲನೆಯವರಿಗೆ ಉತ್ತರ ಬಾರದಿದ್ದರೆ ರೋಗವಿದೆಯೆಂದು ಬರೆದುಕೊಳ್ಳುತ್ತಾರೆ. ಎರಡನೆಯವರಿಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯತೆ ಖಚಿತವಾಗಿಲ್ಲವೆಂದು ಬರೆದುಕೊಳ್ಳುತ್ತಾರೆ. ಕರಾರಿನಲ್ಲಿ ಹೇಳಿರುವ ಒಂದು ತಿಂಗಳ ಗಡುವು ಆ ಎರಡನೆಯ ಕಾಗದ ತುಂಬುವವರೆಗೆ ಆರಂಭವಾಗುವುದಿಲ್ಲ.